ಅವ್ವ ಕೊಳ್ಳದ ಲ್ಯಾಪ್‌ಟಾಪ್

ನಮ್ಮ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಒಳ್ಳೆಯ ಲ್ಯಾಪ್‌ಟಾಪ್. ಕೊಟ್ಟ ದುಡ್ಡಿಗೆ ಮುಂಬಯಿಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ. ಸಿಗುತ್ತಿತ್ತು ಎನ್ನುವವರಿದ್ದರೆ ವಾದಕ್ಕೆ ನಾನು ಸಿದ್ಧ. ಕೊಂಡು ವರ್ಷದ ಮೇಲಾಯಿತು, ಒಂದು ದಿನವೂ ಕೈಕೊಟ್ಟಿಲ್ಲ. ಅದನ್ನು ಆರಿಸಿದವಳು ನಾನೇ. ಆದರೂ ಅದು ಮೇಜಿನ ಮೇಲೆ ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಗುತ್ತದೆ.

ಸರಿಯಾದದ್ದನ್ನು ಮಾಡಿದ್ದಕ್ಕೆ ಯಾರಾದರೂ ನಾಚುತ್ತಾರೆಯೇ? ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ, ಪರವಾಗಿಯೂ ವಿರೋಧವಾಗಿಯೂ ಉತ್ತರ ಹೇಳಿಕೊಂಡಿದ್ದೇನೆ. ಅದು ನನ್ನ ಅಭ್ಯಾಸ. ವಿಲೆ ಪಾರ್ಲೆಯ ಕಾಲೇಜಿನಲ್ಲಿ ನಾನು ಚರ್ಚಾ ತಂಡದಲ್ಲಿದ್ದೆ. ಅಲ್ಲಿ ಯಾವ ಪಕ್ಷ ನಮ್ಮದು ಎಂಬುದು ನಾಣ್ಯ ಚಿಮ್ಮಿದ ಮೇಲೆ ಗೊತ್ತಾಗುತ್ತಿತ್ತು. ಬಂದ ಪಕ್ಷವನ್ನು ಹಿಡಿದು ಎದುರಿನವರ ಮಾತಿನಲ್ಲಿ ಸಡಿಲ ಎಳೆ ಎಲ್ಲಿದೆ ಎಂದು ಹುಡುಕಿ ಎಳೆಯಬೇಕು, ಅಷ್ಟೇ. ಮೂರು ವರ್ಷ ಹಾಗೆ ಎಳೆದೆಳೆದು ನನಗೆ ಯಾವ ಮಾತಿನ ಮೇಲೂ ನಂಬಿಕೆ ಉಳಿಯಲಿಲ್ಲ. ಆದರೆ ಬೆರಳುಗಳಿಗೆ ಎಳೆ ಹುಡುಕುವ ಚಟ ಉಳಿಯಿತು.

ಅವ್ವನ ಕಸುಬು ಎಳೆ ಕೂಡಿದ ಬಟ್ಟೆಯದು. ಅವಳು ಖಣ ಮತ್ತು ಇಳಕಲ್ ಸೀರೆ ಮಾರುತ್ತಾಳೆ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮ್ಮದು ಒನ್ ರೂಮ್ ಕಿಚನ್. ಆ ಒನ್ ರೂಮ್ ಹಗಲು ಅಂಗಡಿ, ರಾತ್ರಿ ಮನೆ. ಊರ ಕಡೆಯಿಂದ ಬಸ್ಸಿನಲ್ಲಿ ಗಂಟು ಬರುತ್ತದೆ. ಅವ್ವ ಸೀರೆಯನ್ನು ಕಿಟಕಿಯ ಹತ್ತಿರ ಒಯ್ದು ಫೋನಿನಲ್ಲಿ ಫೋಟೋ ಹಿಡಿಯುತ್ತಾಳೆ, ಯಾಕೆಂದರೆ ಟ್ಯೂಬ್‌ಲೈಟಿನ ಕೆಳಗೆ ದಾಳಿಂಬೆ ಬಣ್ಣ ಬದನೆಕಾಯಿ ಬಣ್ಣವಾಗಿ ಕಾಣುತ್ತದೆ. ಆ ಫೋಟೋಗಳು ಮರಾಠಿ ಹೆಂಗಸರ ಗುಂಪುಗಳಿಗೆ, ಕನ್ನಡದ ಹೆಂಗಸರ ಗುಂಪುಗಳಿಗೆ ಹೋಗುತ್ತವೆ. ಅಪ್ಪ ಪಾಳಿ ಕೆಲಸದವರು. ಅವ್ವನ ದಂಧೆಯ ಬಗ್ಗೆ ಕೇಳಿದರೆ, "ಆ ಖಾತೆ ನಂದಲ್ಲ" ಎಂದು ಮಗ್ಗುಲಾಗಿ ಮಲಗುತ್ತಾರೆ.

ಖಣಕ್ಕೆ ಈಗ ಮುಂಬಯಿಯಲ್ಲಿ ಹೊಸ ಮರ್ಯಾದೆ ಬಂದಿದೆ. ಕುಪ್ಪಸಕ್ಕಷ್ಟೇ ಇದ್ದ ಬಟ್ಟೆ ಸೀರೆಯಾಯಿತು, ಪರ್ಸ್ ಆಯಿತು, ಲಗ್ನದಲ್ಲಿ ವರನ ಜಾಕೀಟೂ ಆಯಿತು. ಆರ್ಡರು ಹೆಚ್ಚಿದಂತೆ ಫೋನು ಬಿಸಿಯಾಗಿ ನಿಲ್ಲತೊಡಗಿತು. ದಾದರಿನ ಒಬ್ಬ ದೊಡ್ಡ ಅಂಗಡಿಯಾಕೆ ಬಿಲ್ಲನ್ನು ಮೇಲ್‌ನಲ್ಲಿ ಕಳಿಸಿರೆಂದು ಹೇಳಿದಳು. ಕೊರಿಯರಿನವನು ವಿಳಾಸ ಪ್ರಿಂಟ್ ಮಾಡಿ ಅಂಟಿಸಿ ಎಂದ. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ ಪ್ರಕಟಿಸಿದಳು:

"ನಾ ಲ್ಯಾಪ್‌ಟಾಪ್ ತಗೋತೀನಿ. ನನ್ನ ದುಡ್ಡಾಗ. ನಾನ ಹೋಗಿ, ನಾನ ನೋಡಿ."

ಆ ಮಾತಿನಲ್ಲಿ ಒತ್ತು ಎಲ್ಲಿ ಬಿದ್ದಿತ್ತು ಎಂಬುದನ್ನು ಅವತ್ತು ನಾನು ಗಮನಿಸಬೇಕಿತ್ತು. ಮದುವೆಯಾಗಿ ಬಂದ ಮೇಲೆ ಈ ಮನೆಗೆ ಬಂದ ಮಿಕ್ಸರು, ಫ್ರಿಜ್ಜು, ಫ್ಯಾನು ಯಾವುದನ್ನೂ ಅವಳು ಅಂಗಡಿಗೆ ಹೋಗಿ ಆರಿಸಿದವಳಲ್ಲ. ಯಾರೋ ತರುತ್ತಿದ್ದರು, ಇವಳು ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ಇದು ಅವಳ ದಂಧೆಯ ಯಂತ್ರ, ಅವಳೇ ಆರಿಸುವ ಮೊದಲ ಯಂತ್ರ. ನನಗೆ ಕಂಡದ್ದು ಮಾತ್ರ ಒಂದು ಚರ್ಚಾವಿಷಯ.

"ಅವ್ವಾ, ಬೆಲಿ ಬ್ಯಾರೆ, ಖರ್ಚು ಬ್ಯಾರೆ," ಎಂದೆ.

"ಹೂಂ, ಹೇಳ್ರಿ ಪ್ರೊಫೆಸರ್ರ."

ನಾನು ಹೇಳಿದೆ. ಅಂಗಡಿಯವನು ಹೇಳುವ ಅಂಕಿ ಲ್ಯಾಪ್‌ಟಾಪಿನ ಬೆಲೆ ಅಲ್ಲ, ಬರೀ ಪ್ರವೇಶದ ಟಿಕೆಟ್. ಎಷ್ಟು ವರ್ಷ ನಡೆಯುತ್ತದೆ, ಬ್ಯಾಟರಿ ಯಾವಾಗ ಸಾಯುತ್ತದೆ, ಕೆಟ್ಟಾಗ ರಿಪೇರಿಗೆ ಎಷ್ಟು, ರಿಪೇರಿಗೆ ಹೋದ ದಿನಗಳಲ್ಲಿ ಬಿಲ್ಲು ಯಾರು ಮಾಡುತ್ತಾರೆ, ಕಡೆಗೆ ಮಾರಿದರೆ ಏನು ಬರುತ್ತದೆ, ಇದೆಲ್ಲ ಕೂಡಿಸಿ ಕಳೆದ ಮೇಲೆ ಸಿಗುವುದು ನಿಜವಾದ ಖರ್ಚು. ಅಗ್ಗದ್ದು ತುಟ್ಟಿಯಾಗಬಹುದು, ತುಟ್ಟಿಯದು ಅಗ್ಗವಾಗಬಹುದು.

ಅವ್ವ ರೊಟ್ಟಿ ತಿರುವಿ ಹಾಕಿದಳು. "ಬಣ್ಣ ಬಿಡೋ ಸೀರಿ ಸಸ್ತಾ ಅಲ್ಲ ಅಂತ ಹೇಳಾಕತ್ತಿ. ಇದನ್ನ ಕಲಿಯಾಕ ದಿನಾ ಪಾರ್ಲೆತನಕ ಲೋಕಲ್‌ದಾಗ ಜೋತಾಡಬೇಕಿತ್ತೇನ?"

ಇಬ್ಬರೂ ನಕ್ಕೆವು. ಅವಳು ಖುಷಿಯಾಗಿದ್ದಳು. ಕುರ್ಲಾದಲ್ಲಿ ಒಂದು ಅಂಗಡಿಯನ್ನು ಆಗಲೇ ಗುರುತು ಮಾಡಿಟ್ಟಿದ್ದಳು. ಕಂಪನಿಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ತಂದು, ಸರಿಮಾಡಿ ಮಾರುವ ಅಂಗಡಿ. ಅದರ ಮಾಲೀಕ ವಿಜಯಪುರದ ಕಡೆಯ ಸಾಬರವರು. ಅವರ ಮನೆಯ ಹೆಂಗಸರು ಒಂದು ಲಗ್ನಕ್ಕೆ ಅವ್ವನ ಹತ್ತಿರ ಸೀರೆ ಕೊಂಡಿದ್ದರು.

"ಭಾಯಿ ನಮ್ಮ ಕಡ್ಯಾಂವ," ಎಂದಳು ಅವ್ವ.

"ನಮ್ಮ ಕಡ್ಯಾಂವ ಅಂದ್ರ ಬ್ಯಾಟರಿ ಜಾಸ್ತಿ ದಿನ ಬರತೈತೇನು?"

"ಮಾತು ಜಾಸ್ತಿ ದಿನ ಬರತೈತಿ," ಎಂದಳು. ನನಗೆ ಅದು ವಾದವಾಗಿ ಕಾಣಲಿಲ್ಲ.

ಮಧ್ಯಾಹ್ನದೊಳಗೆ ಗಿರಾಕಿಗಳು ಬರುವವರಿದ್ದುದರಿಂದ ನಾವು ಬೆಳಗ್ಗೆಯೇ ಹೊರಟೆವು. ಅವ್ವ ಒಳ್ಳೆಯ ಸೀರೆ ಉಟ್ಟಿದ್ದಳು. ಕೈಚೀಲದಲ್ಲಿ ಬ್ಯಾಂಕಿನಿಂದ ತೆಗೆಸಿದ ದುಡ್ಡು, ಅದರ ಜೊತೆ ಮಡಿಸಿದ ಒಂದು ಖಣದ ತುಂಡು. ಅದು ಯಾಕೆಂದು ನಾನು ಕೇಳಲಿಲ್ಲ. ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಕುರ್ಲಾ ತಲುಪಿದೆವು. ಅಂಗಡಿಯ ಶಟರು ಆಗಷ್ಟೇ ಎದ್ದಿತ್ತು. ಭಾಯಿ ಮೆಟ್ಟಿಲಿಗೆ ನೀರು ಚಿಮುಕಿಸಿ ಲೋಬಾನದ ಹೊಗೆ ಹಿಡಿದಿದ್ದರು.

"ಅರೆ, ಬರ್ರೀ ಅಕ್ಕಾರ, ಬರ್ರಿ. ಮುಂಜಾನೆ ಮುಂಜಾನೆ ಊರಿನ ಮಾರಿ ನೋಡಿದಂಗಾತು. ಇವ್ರು ಮಗಳೇನ್ರಿ?"

"ಹೂಂ ರೀ. ಓದಾಕಿ."

"ಓದ್ಲಿ, ಓದ್ಲಿ. ಅಂದ್ರ ನಾ ಇವತ್ತ ಹುಷಾರಿಲೆ ಮಾತಾಡಬೇಕು."

ಅವರು ನಾಲ್ಕೈದು ಲ್ಯಾಪ್‌ಟಾಪ್ ತೆಗೆದು ಗಾಜಿನ ಮೇಲಿಟ್ಟರು. ಅವ್ವ ಒಂದೊಂದನ್ನೂ ತೆರೆದಳು, ಮುಚ್ಚಿದಳು, ಎತ್ತಿ ತೂಕ ನೋಡಿದಳು. ಬೆಳ್ಳಿ ಬಣ್ಣದ ತೆಳ್ಳನೆಯ ಒಂದರ ಮುಂದೆ ನಿಂತಳು. ತನ್ನ ಫೋನಿನಿಂದ ಒಂದು ಫೋಟೋ ಅದರಲ್ಲಿ ಹಾಕಿಸಿದಳು. ಆಮೇಲೆ ಚೀಲದಿಂದ ಖಣದ ತುಂಡು ತೆಗೆದು ಪರದೆಯ ಪಕ್ಕ ಹಿಡಿದಳು. ಅದೇ ಖಣದ ಫೋಟೋ ಅದು.

"ನೋಡು," ಎಂದಳು ನನಗೆ. "ಕೆಂಪು ಕೆಂಪಾಗೇ ಕಾಣತೈತಿ."

ಅವಳ ಮುಖ ನೋಡಿದ್ದರೆ ಸಾಕಿತ್ತು. ನಾನು ಬ್ಯಾಟರಿಯ ಆಯುಷ್ಯ ತೋರಿಸುವ ಅಂಕಿಯನ್ನು ನೋಡುತ್ತಿದ್ದೆ.

ಚೌಕಾಸಿ ಶುರುವಾಯಿತು. ಇಬ್ಬರೂ ವ್ಯಾಪಾರದವರಾದ್ದರಿಂದ ಅದು ಅವಸರವಿಲ್ಲದೆ ನಡೆಯಿತು. ಭಾಯಿ ಒಂದು ಅಂಕಿ ಹೇಳಿದರು. ಅವ್ವ ಅದನ್ನು ಕೇಳಿಸಿಕೊಳ್ಳದವಳಂತೆ ಅವರ ತಾಯಿಯ ಮೊಣಕಾಲು ನೋವು ವಿಚಾರಿಸಿದಳು. ಭಾಯಿ ಸ್ವಲ್ಪ ಇಳಿದರು. ಅವ್ವ ಊರಿನ ಬಿಸಿಲಿನ ಮಾತೆತ್ತಿದಳು. ಕಡೆಗೆ ಅವ್ವ ತನ್ನ ಅಂಕಿ ಹೇಳಿದಳು. ಭಾಯಿ ತಲೆ ಕೆರೆದರು, ಚಾವಣಿ ನೋಡಿದರು, ನಕ್ಕರು.

"ಆತು ಅಕ್ಕಾರ. ಬೋಣಿ ಟೈಮ್ ಐತಿ. ನಿಮ್ಮ ಮಾತ ಇರ್ಲಿ."

ಅವ್ವ ಚೀಲಕ್ಕೆ ಕೈ ಹಾಕಿದಳು.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಅದು ಹೇಗಾದರೆ ದಿನವೆಲ್ಲ ಹಾಗೆ ಎಂದು ವ್ಯಾಪಾರದವರ ನಂಬಿಕೆ. ಅದಕ್ಕೊಂದು ಕಟ್ಟಳೆಯೂ ಇದೆ. ಬೋಣಿಯ ಹೊತ್ತಿನಲ್ಲಿ ಅಂಗಡಿಯವನು ಗಿರಾಕಿ ಕೇಳಿದ ಅಂಕಿಗೇ ಒಪ್ಪಿಬಿಟ್ಟರೆ, ಗಿರಾಕಿ ಎದ್ದು ಹೋಗುವಂತಿಲ್ಲ. ಮನಸ್ಸಿಲ್ಲದಿದ್ದರೆ ಅಂಕಿಯನ್ನೇ ಹೇಳಬಾರದಿತ್ತು. ಅವ್ವ ಎಷ್ಟೋ ಬೆಳಗು ಕೈಗೇನೂ ಗಿಟ್ಟದಂತೆ ಬೋಣಿ ಮಾಡಿದ್ದನ್ನು ನಾನು ಕಂಡಿದ್ದೇನೆ. ಬಂದ ನೋಟನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕುತ್ತಿದ್ದಳು.

"ಒಂದ್ ಮಿನಿಟ್," ಎಂದೆ ನಾನು.

ಫೋನು ತೆಗೆದೆ. ಅದೇ ದುಡ್ಡಿಗೆ ಸ್ವಲ್ಪ ಕೂಡಿಸಿದರೆ ಆನ್‌ಲೈನಿನಲ್ಲಿ ಹೊಚ್ಚ ಹೊಸದು ಬರುತ್ತಿತ್ತು. ಅದನ್ನು ತೋರಿಸಿದೆ. ಇಲ್ಲಿನ ಬ್ಯಾಟರಿ ಅರ್ಧ ಸತ್ತಿದೆ ಎಂದೆ. ಇದರ ಮೆಮೊರಿ ಹೆಚ್ಚಿಸಲು ಬರುವುದಿಲ್ಲ, ಎರಡು ವರ್ಷದಲ್ಲಿ ಇದು ಎತ್ತಿನ ಗಾಡಿಯಾಗುತ್ತದೆ ಎಂದೆ. ಮಾತು ಕನ್ನಡದಲ್ಲಿ ಶುರುವಾಗಿ ನನಗೇ ತಿಳಿಯದೆ ಹಿಂದಿಗೆ ಹೊರಳಿತು. ಅದು ನನಗೆ ಹುರುಪು ಬಂದ ಲಕ್ಷಣ.

"ವಾರಂಟಿ?" ಎಂದು ಕೇಳಿದೆ.

"ಆರು ತಿಂಗಳು ನಾ ಅದೀನಿ, ಬೇಟಿ. ಏನಾದ್ರೂ ಆತಂದ್ರ ತಗೊಂಬಾ."

"ಬರೆದು ಕೊಡ್ತೀರಾ?"

"ನಮ್ಮ ಜಬಾನ್ ಐತಲ್ಲ, ಕೊಟ್ಟ ಮಾತು."

"ಜಬಾನಿಗೆ ಸರ್ವಿಸ್ ಸೆಂಟರ್ ಎಲ್ಲೈತಿ, ಭಾಯಿ?"

ಒಳ್ಳೆಯ ಮಾತು ಹೊಳೆದಾಗ ಬರುವ ಒಂದು ಸುಖ ಇದೆ, ಅದು ಬಂತು. ಕಾಲೇಜಿನಲ್ಲಾಗಿದ್ದರೆ ಮೇಜು ಕುಟ್ಟುವ ಸದ್ದು ಕೇಳುತ್ತಿತ್ತು. ಭಾಯಿ ಸಿಟ್ಟಾಗಲಿಲ್ಲ. "ವಕೀಲರೇನ್ರಿ ಅಕ್ಕಾ ಇವ್ರು?" ಎಂದರು.

"ಅಲ್ರೀ, ಬರೇ ಮಾತಾಡಾಕಿ," ಎಂದಳು ಅವ್ವ, ನಗು ತರಲು ನೋಡುತ್ತ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಸಾಕು ಯವ್ವಾ. ನಾ ಅಂಕಿ ಹೇಳೀನಿ, ಅವ್ರು ಹೂಂ ಅಂದಾರ. ಬೋಣಿ ಹೊತ್ತು. ಮಾತು ಮುಗದೈತಿ," ಎಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು ಒಂದು ಸಡಿಲ ಎಳೆ ಬಿಟ್ಟುಕೊಟ್ಟಿದ್ದಳು.

"ಬೋಣಿ ಅನ್ನೂದ ಒಂದು ಉಪಾಯ ಅವ್ವಾ. ಮೊದಲ ಗಿರಾಕಿ ನಾಚಿಕಿಗೆ ಬಿದ್ದು ಏಳಬಾರದು ಅಂತ ಅಂಗಡಿಕಾರರು ಮಾಡ್ಕೊಂಡದ್ದು. ನೀನೂ ಮನ್ಯಾಗ ಅದನ್ನ ಮಾಡ್ತೀಯಲ್ಲ, ಹೆಂಗಸರಿಗೆ."

ಭಾಯಿ ನಮಗೆ ಬೆನ್ನು ಹಾಕಿ, ಧೂಳೇ ಇಲ್ಲದ ಒಂದು ಕೀಬೋರ್ಡನ್ನು ಒರೆಸತೊಡಗಿದರು. ಅದು ಅವರ ಮರ್ಯಾದೆ. ಅವ್ವ ಚೀಲದಿಂದ ಕೈ ಹೊರಗೆ ತೆಗೆದಳು. ಖಣದ ತುಂಡನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟಳು. ಅವಳ ಕುತ್ತಿಗೆಯವರೆಗೂ ಕೆಂಪೇರಿತ್ತು. ಒಬ್ಬ ವ್ಯಾಪಾರಸ್ಥನ ಎದುರು ಇನ್ನೊಬ್ಬ ವ್ಯಾಪಾರಸ್ಥಳನ್ನು, ಅವಳ ಮಗಳೇ, ಮೋಸದವಳೆಂದು ಕರೆದ ಹಾಗಾಗಿತ್ತು. ಕರೆದ ಹಾಗೇನು, ಕರೆದೇ ಇದ್ದೆ.

"ಭಾಯಿ," ಎಂದಳು, "ಮೌಸ್ ಐತೇನ್ರಿ?"

"ಲ್ಯಾಪ್‌ಟಾಪ್ ಇಲ್ದ ಮೌಸ್ ಯಾಕ್ರಿ ಅಕ್ಕಾ?"

"ಇರ್ಲಿ, ಒಂದು ಕೊಡ್ರಿ."

ಬೆಲೆ ಕೇಳಲಿಲ್ಲ. ಒಂದು ನೋಟು ಗಾಜಿನ ಮೇಲಿಟ್ಟಳು. "ಬ್ಯಾಡ್ರಿ, ಹಂಗ ಒಯ್ರಿ" ಎಂದು ಭಾಯಿ ಅದನ್ನು ಹಿಂದಕ್ಕೆ ಸರಿಸಿದರು. ಅವ್ವ ಮತ್ತೆ ಮುಂದಕ್ಕೆ ಸರಿಸಿದಳು. "ಬೋಣಿ ಮಾಡ್ಕೋರಿ. ನನ್ನ ಕಾಲಿಲೆ ನಿಮ್ಮ ದಿನ ಕೆಡೂದು ಬ್ಯಾಡ." ಆಗ ಅವರು ನೋಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾನು ರಸ್ತೆ ನೋಡಿದೆ.

ವಾಪಸು ಬರುವಾಗ ಹೆಂಗಸರ ಡಬ್ಬಿಯಲ್ಲಿ ಸೀಟು ಸಿಕ್ಕಿತು. ಅವ್ವ ಬಯ್ಯುತ್ತಾಳೆಂದು ಕಾದೆ. ಬಯ್ದರೆ ಹೇಳಲು ಉತ್ತರಗಳು ಸಾಲಾಗಿ ನಿಂತಿದ್ದವು. ಅವಳು ಕಿಟಕಿಯಾಚೆ ನೋಡುತ್ತ, "ಯಾವುದು ಚಲೋ ಅಂತಿ, ಅದ ತರಸು," ಎಂದಳು, ಅಷ್ಟೇ. ಎದುರಿನವರು ಸುಮ್ಮನಾದರೆ ಅಂಕ ನಮಗೆ ಎಂದು ನನಗೆ ಕಲಿಸಿದ್ದರು. ಅಂಕ ಸಿಕ್ಕಿದ್ದೇನೋ ನಿಜ. ಕೈಯಲ್ಲಿ ಮೌಸಿನ ಡಬ್ಬಿ ಹಿಡಿದು ಕೂತ ಅವಳ ಪಕ್ಕದಲ್ಲಿ ಆ ಅಂಕವನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಲ್ಯಾಪ್‌ಟಾಪ್ ಅದೇ ವಾರ ಬಂತು. ಕೊರಿಯರಿನವನಿಗೆ ಬಾಗಿಲು ತೆರೆದ ಅವ್ವ ಒಳಗೆ ಕೂಗಿದಳು: "ನಿನ್ನ ಲ್ಯಾಪ್‌ಟಾಪ್ ಬಂತು."

"ನಿಂದು ಅವ್ವಾ."

"ಹೂಂ, ಹೂಂ. ತಗೋ."

ನಾನು ಅದನ್ನು ತೆರೆದು, ಅವಳ ಖಣದ ತುಂಡನ್ನು ಹುಡುಕಿ ತಂದು, ಪರದೆಯ ಪಕ್ಕ ಹಿಡಿದು ನೋಡಿದೆ. ಕೆಂಪು ಕೆಂಪಾಗೇ ಕಂಡಿತು. "ಬಾ, ನೋಡ ಬಾ" ಎಂದು ಕರೆದೆ. "ಕೈ ಹಿಟ್ಟಾಗ್ಯಾವ" ಎಂದಳು. ಕೈ ತೊಳೆದ ಮೇಲೂ ಬರಲಿಲ್ಲ. ಅವಳು ಅರಿಸಿನ ಕುಂಕುಮ ಹಚ್ಚದ ಮೊದಲ ಯಂತ್ರ ಅದು, ಮರೆತಿರಬೇಕು ಎಂದುಕೊಂಡೆ. ಅವ್ವ ಅಂಥದ್ದನ್ನು ಮರೆಯುವವಳಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಅಲ್ಲಿಂದ ಬಿಲ್ಲು ಮಾಡುವ ಕೆಲಸ ನನ್ನದಾಯಿತು. ಕಾಲೇಜಿನಿಂದ ಬಂದ ಮೇಲೆ ಅವ್ವ ಆರ್ಡರುಗಳನ್ನು ಬಾಯಲ್ಲಿ ಹೇಳುವಳು, ನಾನು ಹಾಕುವೆ. ಕಲಿಸುತ್ತೇನೆ ಕೂತುಕೋ ಎಂದರೆ, "ಕೆಟ್ಟಗಿಟ್ಟೀತು, ನೀನ ಮಾಡು" ಎನ್ನುವಳು. ಆಮೇಲೆ ಅದು ಬಿಲ್ಲಿಗೇ ನಿಲ್ಲಲಿಲ್ಲ. ಒಂದು ದಿನ ಊರಿನಿಂದ ನೇಕಾರ ಫೋನು ಮಾಡಿ ಈ ಸಲ ಯಾವ ಬಣ್ಣ ಹೆಚ್ಚಿಗೆ ಹಾಕಲಿ ಎಂದು ಕೇಳಿದಾಗ, ಅವ್ವ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು.

"ಏನ ಹೇಳ್ಲಿ?"

ನಾನು, ಅಸಲು ಇಳಕಲ್ಲಿಗೂ ನಕಲಿಗೂ ವ್ಯತ್ಯಾಸ ತಿಳಿಯದವಳು, ಹೇಳಿಯೂಬಿಟ್ಟೆ. ಹಿಂದಿನ ತಿಂಗಳು ಹಸಿರು ಜಾಸ್ತಿ ಹೋಗಿದೆ, ಹಸಿರು ಹೇಳು ಎಂದೆ. ತರ್ಕ ಸರಿಯಾಗಿತ್ತು, ಹಸಿರು ಹೋಗಿಯೂ ಹೋಯಿತು. ಅವ್ವ ನನ್ನನ್ನು ಕೇಳುತ್ತಾಳೆ ಎಂದು ಗೆಳತಿಯರಲ್ಲಿ ಹೇಳಿಕೊಂಡೂ ಇದ್ದೆ.

ನಾಚಿಕೆ ಬಂದದ್ದು ಇನ್ನೊಂದು ಬೆಳಗ್ಗೆ. ಮಾಟುಂಗಾದಿಂದ ಒಬ್ಬಾಕೆ ಬಂದು ಸೀರೆ ಬಿಚ್ಚಿಸಿ ಬೆಲೆ ಕೇಳಿದಳು. ಅವ್ವ ಬೆಲೆ ಹೇಳಿದಳು. ಆಕೆ ಕಡಿಮೆ ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ನನ್ನತ್ತ ಅವ್ವ ಒಂದು ಸಲ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೊದಲ ಸಲ ವೇದಿಕೆ ಹತ್ತಿದ ಹುಡುಗಿಯರು ಮಾತಿನ ನಡುವೆ ತೀರ್ಪುಗಾರರ ಮುಖ ನೋಡುತ್ತಾರಲ್ಲ, ಅದು. ಇಪ್ಪತ್ತು ವರ್ಷದಿಂದ ಸೀರೆ ಮಾರುವ ಹೆಂಗಸು ತನ್ನದೇ ಕೋಣೆಯಲ್ಲಿ, ತನ್ನದೇ ಚಾಪೆಯ ಮೇಲೆ ಕೂತು ಹಾಗೆ ನೋಡಿದಳು. ಕೊಟ್ಟಳೋ ಬಿಟ್ಟಳೋ ಕೇಳಿಸಿಕೊಳ್ಳದೆ ನಾನು ಒಳಗೆ ಹೋದೆ. ಆದರೆ ಒಳಗಿನಿಂದಲೂ ಕೊಟ್ಟಿದ್ದು ಕಂಡಿತು, ದುಡ್ಡು ತೆಗೆದುಕೊಂಡದ್ದೂ ಕಂಡಿತು. ಅದು ಆ ದಿನದ ಮೊದಲ ವ್ಯಾಪಾರ. ಅವ್ವ ಅಡುಗೆಮನೆಯ ಬಾಗಿಲ ಕಡೆ ಕಣ್ಣು ಹಾಯಿಸಿ, ನೋಟನ್ನು ಕಣ್ಣಿಗೊತ್ತಿಕೊಳ್ಳದೆ ನೇರ ಡಬ್ಬಿಗೆ ಹಾಕಿದಳು.

ಆಮೇಲೆ ಗಮನಿಸಿದೆ: ನಾನು ಮನೆಯಲ್ಲಿದ್ದಾಗ ಅವಳು ಬೋಣಿ ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ.

ನನಗೆ ಬೋಣಿಯಲ್ಲಿ ನಂಬಿಕೆ ಬಂತೆಂದು ತಿಳಿಯಬೇಡಿ. ಬಂದಿಲ್ಲ. ಮೊದಲ ನೋಟು ಉಳಿದ ನೋಟುಗಳನ್ನು ಕರೆತರುವುದಿಲ್ಲ. ಹಾಗೆ ಕರೆತರುವುದಾಗಿದ್ದರೆ ಈ ಊರಿನಲ್ಲಿ ಬಡ ವ್ಯಾಪಾರಿಯೇ ಇರುತ್ತಿರಲಿಲ್ಲ. ಆದರೆ ನಂಬದವಳಿಗೂ ಒಂದು ದೃಶ್ಯ ನೋಡಲಾಗುವುದಿಲ್ಲ: ನಂಬುವವಳು ನನ್ನ ಕಣ್ಣು ತಪ್ಪಿಸಿ ನಂಬುವುದು.

ಒಂದು ಮಧ್ಯಾಹ್ನ, ಇಬ್ಬರೂ ಸೀರೆ ಮಡಿಸುತ್ತಿದ್ದಾಗ, ಧೈರ್ಯ ಮಾಡಿ ಹೇಳಿದೆ. "ಅವ್ವಾ, ಅವತ್ತ ಕುರ್ಲಾದಾಗ ನಾ ತಪ್ಪು ಹೇಳ್ದೆ."

"ಯಾವುದು? ಬ್ಯಾಟರಿದಾ?"

"ಬೋಣಿದು. ಉಪಾಯ ಅಂದದ್ದು."

ಅವ್ವ ಸೀರೆಯ ಎರಡು ತುದಿ ಕೂಡಿಸಿದಳು. "ಅದೇನ ತಪ್ಪಲ್ಲ ಬಿಡು. ಖರೇನ ಐತಿ. ಒಮ್ಮೊಮ್ಮಿ ಮಧ್ಯಾಹ್ನ ಮೂರಕ್ಕೂ 'ಬೋಣಿ ಐತ್ರಿ ಬಾಯಾರ' ಅಂತ ಸುಳ್ಳು ಹೇಳಿ ಮಾರೀನಿ ನಾ."

ನನಗೆ ನಗು ಬಂತು. ಅವಳಿಗೂ ಬಂತು. ಹಾಗಾದರೆ ಈ ವಾದದಲ್ಲೂ ನಾನೇ ಗೆದ್ದಂತಾಯಿತಲ್ಲ ಎಂದು ಒಂದು ಕ್ಷಣ ಹಗುರಾದೆ. ಅಷ್ಟರಲ್ಲಿ ಅವಳು ನನ್ನ ಕೈಯಿಂದ ಸೀರೆಯ ಅಂಚು ತೆಗೆದುಕೊಂಡಳು.

"ಅದನ್ನ ಅವನ ಮುಂದ ಹೇಳ್ದಿ ನೋಡು. ನಾ ಒಂದ ಸಲ ಗಿರಾಕಿ ಆಗಿ ಹೋಗಿದ್ನಿ, ಯವ್ವಾ. ಒಂದ ಸಲ. ಇನ್ನೊಬ್ರ ಅಂಗಡ್ಯಾಗ ಕುಂತು, ಇದು ಬೇಕು, ಇಷ್ಟ ಕೊಡ್ತೀನಿ ಅಂದಿದ್ನಿ. ಅಂವ ಹೂಂ ಅಂದಿದ್ದ."

ಮಡಿಸಿದ ಸೀರೆಯನ್ನು ಉಳಿದವುಗಳ ಮೇಲಿಟ್ಟಳು. ಚರ್ಚೆಯಲ್ಲಿ ಉತ್ತರ ಇಲ್ಲದಾಗ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕೆಂದು ಹೇಳಿಕೊಡುತ್ತಾರೆ. ತಿರುಗಿಸಿದರೂ ಆ ಮಾತು ನನ್ನ ಕಡೆಗೇ ಮುಖ ಮಾಡಿ ನಿಲ್ಲುತ್ತಿತ್ತು.

ದೀಪಾವಳಿಯ ಗದ್ದಲ ಮುಗಿದ ಮೇಲೆ ಒಂದು ಸಂಜೆ ಕಾಲೇಜಿನಿಂದ ಬಂದರೆ ಚಾಪೆಯ ಮೇಲೆ ಇನ್ನೊಂದು ಲ್ಯಾಪ್‌ಟಾಪ್ ಇತ್ತು. ಬೆಳ್ಳಿ ಬಣ್ಣದ್ದಲ್ಲ, ಅದು ಎಂದೋ ಯಾರಿಗೋ ಹೋಗಿರಬೇಕು. ಇದು ಕಪ್ಪು, ದಪ್ಪ, ಮೂಲೆಯಲ್ಲಿ ಯಾವುದೋ ಕಂಪನಿಯ ಚೀಟಿ ಕಿತ್ತ ಗುರುತು. ಮುಚ್ಚಳದ ಮೇಲೆ ಅರಿಸಿನ ಕುಂಕುಮ. ಅವ್ವ ಅದರ ಮುಂದೆ ಪರೀಕ್ಷೆಗೆ ಕೂತವಳಂತೆ ನೆಟ್ಟಗೆ ಕೂತಿದ್ದಳು.

ಕೀಲು ಸಡಿಲವಾಗಿದ್ದುದು ಬಾಗಿಲಿನಿಂದಲೇ ಕಂಡಿತು. ಆ ಮಾದರಿ ಎಷ್ಟು ಹಳೆಯದು ಎಂಬುದೂ ಗೊತ್ತಾಯಿತು. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿ ಚಪ್ಪಲಿ ಬಿಟ್ಟೆ.

"ಕೇಳು, ಕೇಳು," ಎಂದಳು ಅವ್ವ, ಪರದೆಯಿಂದ ಕಣ್ಣು ತೆಗೆಯದೆ. "ಇಲ್ಲಂದ್ರ ಹೊಟ್ಟಿ ಉಬ್ಬೀತು."

"ಏನಿಲ್ಲ."

"ಬ್ಯಾಟರಿ ಬಾಳ ಹೊತ್ತು ಬರೂದಿಲ್ಲಂತ ಭಾಯಿನ ಹೇಳ್ಯಾನ. ಕೀಲು ಸಡಿಲ ಐತಿ ಅಂತನೂ ಹೇಳ್ಯಾನ. ಎಲ್ಲಾ ಕೇಳೇ ತಗೊಂಡೀನಿ."

"ಮತ್ತ ಯಾಕ ಅವ್ವಾ? ಹೊಸಾದು ಐತಲ್ಲ."

"ಅದು ನಿಂದು," ಎಂದಳು. ಸಿಟ್ಟಿನಿಂದಲ್ಲ, ಪಾತ್ರೆ ಯಾವ ಮನೆಯದು ಎಂದು ಗುರುತು ಹೇಳುವ ಹಾಗೆ. "ನನ್ನ ಅಂಗಡಿಗೆ ನಂದೊಂದು ಬ್ಯಾಡೇನು?"

ಆ ರಾತ್ರಿ ನಾನು ಲೆಕ್ಕ ಹಾಕಿದೆ, ಹಾಕದೆ ಇರಲಾಗಲಿಲ್ಲ. ನಾನು ತರಿಸಿದ ಲ್ಯಾಪ್‌ಟಾಪಿನ ನಿಜವಾದ ಖರ್ಚು ಎಂದರೆ ಅದರ ಬೆಲೆ, ಅದರ ಜೊತೆಗೆ ಈ ಕಪ್ಪು ಲ್ಯಾಪ್‌ಟಾಪಿನ ಬೆಲೆ, ನಾಳೆ ಹಾಕಿಸಬೇಕಾದ ಇದರ ಬ್ಯಾಟರಿ, ಇದರ ಕೀಲಿನ ರಿಪೇರಿ. ಬೆಳ್ಳಿ ಬಣ್ಣದ್ದನ್ನು ಅವತ್ತೇ ತಂದಿದ್ದರೆ ಇವೆಲ್ಲಕ್ಕಿಂತ ಅಗ್ಗವಾಗುತ್ತಿತ್ತು. ನನ್ನದೇ ವಿಧಾನ, ನನ್ನದೇ ಖಾನೆಗಳು. ಒಂದು ಖಾನೆಯನ್ನು ಮಾತ್ರ ನಾನು ಹಾಕಿರಲಿಲ್ಲ, ಮತ್ತು ಅದರಲ್ಲಿ ಬರೆಯಬೇಕಾದದ್ದಕ್ಕೆ ಅಂಕಿ ಇರಲಿಲ್ಲ. ಒಂದು ಹೆಂಗಸು ತನ್ನ ಕೋಣೆಯಲ್ಲಿ ತಿಂಗಳುಗಟ್ಟಲೆ ಮಗಳ ಮುಖ ನೋಡಿ ಬೆಲೆ ಹೇಳಿದ್ದನ್ನು ಯಾವ ದರದಲ್ಲಿ ಕೂಡಿಸುತ್ತೀರಿ?

ಮರುದಿನ ಭಾನುವಾರ. ನಾನು ಒಳಗೆ ಕಾಯಿಪಲ್ಲೆ ಹೆಚ್ಚುತ್ತಿದ್ದೆ. ಹೊರಗೆ ಅವ್ವ ಒಂದೇ ಬೆರಳಿನಿಂದ ಕೀಲಿಗಳನ್ನು ಒತ್ತುವ ಸದ್ದು. ಒಂದು ಬಡಿತ, ಉದ್ದನೆಯ ಮೌನ, ಇನ್ನೊಂದು ಬಡಿತ. ದಾದರಿನ ಅಂಗಡಿಯ ಬಿಲ್ಲು. ಎಲ್ಲೋ ಸಿಕ್ಕಿಕೊಂಡಳು. "ಥೂ ಇದರ" ಎಂದಳು. ನಾನು ಚಾಕು ಕೆಳಗಿಟ್ಟೆ. ಕರೆಯುತ್ತಾಳೆ ಎಂದು ಕಾದೆ.

ಅವಳು ಕುರ್ಲಾಕ್ಕೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಭಾಯಿಯ ದನಿ ಕೇಳಿತು.

"ಹೇಳ್ರಿ ಅಕ್ಕಾರ."

"ಭಾಯಿ, ಬಿಲ್ಲು ಬರದೀನಿ. ಈಗ ಮೇಲ್‌ಕ ಹೆಂಗ ಕಳಸೂದ್ರಿ?"

ಭಾಯಿ ಹೇಳತೊಡಗಿದರು. ಮೊದಲು ಅದನ್ನು ಉಳಿಸಿಕೊಳ್ಳಿ, ಆಮೇಲೆ ಮುಚ್ಚಿರಿ, ಆಮೇಲೆ ಮೇಲ್ ತೆರೆಯಿರಿ, ಆಮೇಲೆ ಒಂದು ಕ್ಲಿಪ್ಪಿನ ಚಿತ್ರ ಇರುತ್ತದೆ, ಅದನ್ನು ಒತ್ತಿ, 'ಎಲ್ಲಿ ಇಟ್ಟೀರಿ ಅಂತ ಹುಡುಕ್ರಿ.' ಊರು ಸುತ್ತುವ ದಾರಿ. ಅಲ್ಲಿಂದಲೇ ನೇರ ಕಳಿಸುವ ಒಂದು ಗುಂಡಿ ಪರದೆಯ ಮೇಲೇ ಇತ್ತು. ನಾನು ಎರಡು ಹೆಜ್ಜೆ ಹೊರಗೆ ಬಂದು ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ಅವ್ವ ಫೈಲು ಹುಡುಕಿದಳು, ಬೇರೆ ಯಾವುದನ್ನೋ ತೆರೆದಳು, ಮುಚ್ಚಿದಳು, ಮತ್ತೆ ಮೊದಲಿನಿಂದ ಶುರುಮಾಡಿದಳು. ಭಾಯಿ ನಡುವೆ ಯಾವನೋ ಗಿರಾಕಿಗೆ ಚಾರ್ಜರಿನ ಬೆಲೆ ಹೇಳಿ ಮತ್ತೆ ಇವಳ ಕಡೆ ಬಂದರು. ಅವರೂ ಒಂದು ಸಲ ತಪ್ಪು ಹೇಳಿ, "ಅಲ್ರೀ ಅಕ್ಕಾ, ಅದಲ್ಲ, ಅದರ ಮ್ಯಾಲಿಂದು" ಎಂದು ತಿದ್ದಿಕೊಂಡರು. ನನ್ನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡಿತು.

"ಹೋತು!" ಎಂದಳು ಅವ್ವ ಕಡೆಗೆ. "ಹೋತ ನೋಡ್ರಿ ಭಾಯಿ!"

"ಶಾಬಾಸ್. ಅಲ್ರೀ ಅಕ್ಕಾ, ಮನ್ಯಾಗ ಅಷ್ಟು ಹುಷಾರಿ ಮಗಳನ್ನ ಇಟ್ಕೊಂಡು ನನಗ್ಯಾಕ ಕೇಳ್ತೀರಿ?"

ಅವ್ವ ದನಿ ತಗ್ಗಿಸಿದಳು. ಸ್ಪೀಕರು ನಡೆದೇ ಇದೆ ಎಂಬುದು ಅವಳಿಗೆ ನೆನಪಿರಲಿಲ್ಲ, ನಾನು ಒಳಗಿದ್ದೇನೆ ಎಂಬುದು ನೆನಪಿತ್ತು.

"ಆಕಿಗಿ ಇದು ಗೊತ್ತಿಲ್ರಿ," ಎಂದಳು.

ಇಷ್ಟು ದಿನ ಆ ಬಿಲ್ಲುಗಳನ್ನೆಲ್ಲ ಕಳಿಸಿದವಳು ನಾನು. ಗೊತ್ತಿಲ್ಲದವಳ ಹಾಗೆ ಚಾಕು ತೆಗೆದುಕೊಂಡು ಉಳಿದ ಬದನೆಕಾಯಿ ಹೆಚ್ಚಿದೆ.